ಆ ಸರದ ಕೊಂಡಿ

ರಟ್ಟು ದಪ್ಪಗಿತ್ತು, ಎಷ್ಟು ಒತ್ತಿದರೂ ಮಡಚಲಿಲ್ಲ. ಮಗಳು ಅದನ್ನು ಕೈಚೀಲಕ್ಕೆ ತುರುಕಲು ನೋಡಿದಳು. ಹಾಳು ಜಿಪ್ಪು ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಗಂಡ ಇತ್ತಲೇ ಬರುವುದು ಕಂಡಿತು. ರಟ್ಟನ್ನು ಶಾಲಿನೊಳಗೆ ಎಳೆದುಕೊಂಡು, ಅಳುತ್ತಿರುವವಳ ಹಾಗೆ ತಲೆ ತಗ್ಗಿಸಿ ಕೂತಳು. ಬೆಳಗಿನಿಂದ ನಿಜವಾಗಿಯೇ ಅತ್ತಿದ್ದವಳು, ಈಗ ತಾಯಿಯ ಶವದ ಮುಂದೆ ಅಳುವ ನಾಟಕ ಆಡಬೇಕಾಗಿ ಬಂತಲ್ಲ ಎಂದು ಅವಳಿಗೇ ಹೇಸಿಗೆಯಾಯಿತು.

"ಹನ್ನೊಂದೂವರೆಗೆ ಗಾಡಿ ಬರುತ್ತಂತೆ," ಗಂಡ ಪಕ್ಕದಲ್ಲಿ ಬಗ್ಗಿ ಹೇಳಿದ. "ಇನ್ನೂ ಮುಕ್ಕಾಲು ಗಂಟೆ ಇದೆ. ಲೈಬ್ರರಿ ಕಡೆಯಿಂದ ಎಷ್ಟು ಜನ ಬಂದಿದಾರೆ ನೋಡು. ಒಬ್ಬೊಬ್ರು ಎರಡೆರಡು ಮಾತಾಡ್ತೀವಿ ಅಂದ್ರು. ಹೂಂ ಅಂದೆ."

"ಯಾರನ್ನ ಕೇಳಿ ಹೂಂ ಅಂದ್ರಿ?"

"ಅದಕ್ಕೂ ಕೇಳ್ಬೇಕಾ? ನಿಮ್ಮಮ್ಮನ ಬಗ್ಗೆ ಒಳ್ಳೇದು ಹೇಳೋಕೆ ತಾನೇ ಬಂದಿರೋದು."

ಪಾಪ, ಒಳ್ಳೆಯ ಮನುಷ್ಯ. ಇಪ್ಪತ್ತೆರಡು ವರ್ಷ ಜೊತೆಯಲ್ಲಿ ಸಂಸಾರ ಮಾಡಿದವನಿಗೂ ಅವಳು ಆ ವಿಷಯ ಬಾಯಿಬಿಟ್ಟಿರಲಿಲ್ಲ. ಅವನು ಕುರ್ಚಿ ಸಾಲದೆಂದು ಇನ್ನಷ್ಟು ತರಿಸಲು ಹೊರಟ. ಅವಳು ಶಾಲು ಸರಿಸಿ ರಟ್ಟನ್ನು ಇನ್ನೊಮ್ಮೆ ನೋಡಿದಳು. ನೀಲಿ ಶಾಯಿಯಲ್ಲಿ ದುಂಡಗೆ ಬರೆದಿತ್ತು: "ಪುಸ್ತಕ ೪. ಕದ್ದವಳು. ಓದುವ ಸಮಯ ಅರ್ಧ ಗಂಟೆ."

ಹತ್ತು ನಿಮಿಷದ ಹಿಂದೆ ಅದನ್ನು ಕೈಗಿಟ್ಟವಳು ಶಾಖಾ ಗ್ರಂಥಾಲಯದಾಕೆ. "ಅಮ್ಮಂದು ಮೇಡಂ, ನಿಮ್ಮತ್ರ ಇರ್ಲಿ ಅಂತ ತಂದೆ. ನಮ್ಮಲ್ಲಿ ಇವರದ್ದೇ ಜಾಸ್ತಿ ಜನ ಓದಿದ ಪುಸ್ತಕ."

"ಪುಸ್ತಕ ಅಂದ್ರೆ? ಅಮ್ಮ ನಿಮ್ಮಲ್ಲಿ ಹೆಣಿಗೆ ಕಲಿಯೋಕೆ ತಾನೇ ಬರ್ತಿದ್ದಿದ್ದು?"

"ಹೆಣಿಗೆ ಮಂಗಳವಾರ ಮೇಡಂ. ಅಮ್ಮ ಬರ್ತಿದ್ದಿದ್ದು ಭಾನುವಾರ."

ಎರಡು ವರ್ಷ ಹೆಣಿಗೆ ಕಲಿತ ಅಮ್ಮನ ಕೈಯಿಂದ ಮನೆಗೆ ಒಂದು ಕಾಲುಚೀಲವೂ ಬಂದಿರಲಿಲ್ಲ. ಮಗಳಿಗೆ ಅನುಮಾನವೇ ಬಂದಿರಲಿಲ್ಲ. ಅನುಮಾನಪಡಲಿಕ್ಕೂ ಒಂದಿಷ್ಟು ಪುರುಸೊತ್ತು ಬೇಕಲ್ಲ.

ಗ್ರಂಥಾಲಯದಾಕೆ ಬಿಡಿಸಿ ಹೇಳಿದ್ದಳು. ತಿಂಗಳ ಎರಡನೇ ಭಾನುವಾರ ಓದುವ ಕೋಣೆಯಲ್ಲಿ ಏಳು ಮೇಜು. ಏಳು ಮೇಜಿಗೆ ಏಳು ಮನುಷ್ಯರು. ಅವರೇ ಪುಸ್ತಕ. ಯಾರು ಬೇಕಾದರೂ ಬರಬಹುದು, ಬಿಟ್ಟಿ. ಬೇಕಾದ ಮೇಜಿನ ಮುಂದೆ ಕೂತು ಅರ್ಧ ಗಂಟೆ ಆ ಮನುಷ್ಯನ ಬದುಕು ಕೇಳಬಹುದು, ಪ್ರಶ್ನೆ ಹಾಕಬಹುದು. ಪುಸ್ತಕಕ್ಕೆ ಎರಡೇ ನಿಯಮ. ನಿಜವನ್ನೇ ಹೇಳಬೇಕು. ಯಾವುದಾದರೂ ಪ್ರಶ್ನೆಗೆ ಉತ್ತರಿಸಲು ಮನಸ್ಸಿಲ್ಲದಿದ್ದರೆ ಮುಂದಿರುವ ರಟ್ಟನ್ನು ಬೋರಲು ಹಾಕಿಬಿಡಬಹುದು. ಆಮೇಲೆ ಆ ಪ್ರಶ್ನೆ ಯಾರೂ ಎತ್ತುವ ಹಾಗಿಲ್ಲ.

"ಏನಮ್ಮಾ ಹೇಳ್ತೀರಿ ಅಂತ ಮೊದಲನೇ ದಿನ ಕೇಳಿದ್ದಕ್ಕೆ ಏನಂದ್ರು ಗೊತ್ತಾ ಮೇಡಂ?" ಗ್ರಂಥಾಲಯದಾಕೆ ಕಣ್ಣೊರೆಸಿಕೊಂಡಿದ್ದಳು. "ಹುಟ್ಟಿದೆ, ಇಸ್ತ್ರಿ ಮಾಡಿದೆ, ಅಷ್ಟೇ. ಮಧ್ಯದಲ್ಲಿ ಕೇಳೋ ಅಂಥದ್ದು ಒಂದೇ ಒಂದು ಆಗಿರೋದು ಅಂದ್ರು."

ನಿಜವನ್ನೇ ಹೇಳಬೇಕಂತೆ. ಕದ್ದವಳು ಅಂತ ಬರೆದಿದೆ. ಯಾರು ಕದ್ದವಳು? ಅಮ್ಮ ಯಾರ ಹೆಸರು ಹೇಳಿದ್ದಾಳೆ? ಹಾಲ್‌ನ ಎಡಗಡೆಯ ಕುರ್ಚಿಗಳಲ್ಲಿ ಮೂವತ್ತು ಮಂದಿ ಗುರುತಿಲ್ಲದವರು ಕೂತಿದ್ದರು, ಪ್ರತಿಯೊಬ್ಬರೂ ಅವಳತ್ತ ನೋಡಿ ಮೆಲ್ಲಗೆ ತಲೆದೂಗುತ್ತಿದ್ದರು. ಬಲಗಡೆ ಅವಳ ಶಾಲೆಯವರು: ಆಡಳಿತ ಮಂಡಳಿಯ ಕಾರ್ಯದರ್ಶಿ, ಡ್ರಾಯಿಂಗ್ ಮೇಷ್ಟ್ರು, ಆರು ಜನ ಟೀಚರುಗಳು. ಬಂದದ್ದು ಹೆಡ್ ಮೇಡಂ ತಾಯಿ ಹೋದರೆಂದು. ಹೋದ ವರ್ಷ ಇನ್ನೊಬ್ಬಳ ಕ್ಯಾಲ್ಕುಲೇಟರ್ ಎತ್ತಿಕೊಂಡ ಹುಡುಗಿಯನ್ನು ಶಾಲೆಯಿಂದ ತೆಗೆದುಹಾಕಿ ಸಹಿ ಮಾಡಿದ ಹೆಡ್ ಮೇಡಂ.

*

ಆಗ ಅವಳಿಗೆ ಹದಿನೇಳು. ಅಮ್ಮ ಐದು ಮನೆಗಳಿಗೆ ಇಸ್ತ್ರಿಗೆ ಹೋಗುತ್ತಿದ್ದಳು. ಎಲ್ಲಕ್ಕಿಂತ ದೊಡ್ಡದು ಡಾಕ್ಟರ ಮನೆ. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಮಡಚಿದ ಬಟ್ಟೆಗಳನ್ನು ಮಹಡಿಯ ಕೋಣೆಗೆ ಒಯ್ದಿಡುವುದು ಮಗಳ ಕೆಲಸ. ಆ ದಿನ ಕನ್ನಡಿಯ ಮುಂದೆ ಚಿನ್ನದ ಸರ ಬಿದ್ದಿತ್ತು. ಆ ದಿನವೇ ಶಾಲೆಯಲ್ಲಿ ಕೊನೆಯ ವರ್ಷದವರ ಗುಂಪು ಫೋಟೋ. ಉಳಿದ ಹುಡುಗಿಯರೆಲ್ಲ ಏನಾದರೂ ಹಾಕಿಕೊಂಡು ಬರುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಫೋಟೋ ಮುಗಿದ ಮೇಲೆ, ಮಧ್ಯಾಹ್ನದ ಬಿಡುವಿನಲ್ಲಿ ಓಡಿ ಬಂದು ಮತ್ತೆ ಅಲ್ಲೇ ಇಡಬೇಕೆಂದಿದ್ದಳು. ಆಗಲಿಲ್ಲ.

ಸಂಜೆ ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಡಾಕ್ಟರ ಮನೆಯಲ್ಲಿ ಹುಡುಕಾಟ ಶುರುವಾಗಿ ಆಗಲೇ ಎರಡು ಗಂಟೆಯಾಗಿತ್ತು. ಅಮ್ಮ ಏನೂ ಕೇಳಲಿಲ್ಲ. ಮಗಳ ಚೀಲಕ್ಕೆ ಕೈಹಾಕಿ, ಗಂಟು ಕಟ್ಟಿದ್ದ ಕರ್ಚೀಫನ್ನು ಹೊರತೆಗೆದು, ಮೇಲಿನಿಂದಲೇ ಎರಡು ಬೆರಳಲ್ಲಿ ಒತ್ತಿ ನೋಡಿದಳು. ಬಿಚ್ಚಲಿಲ್ಲ. ಬಿಚ್ಚುವ ಅಗತ್ಯ ಇರಲಿಲ್ಲ.

"ಅಮ್ಮಾ, ನಾನು ವಾಪಸ್..."

"ಬಾಯಿ ಮುಚ್ಕೊಂಡು ಕೂತ್ಕೊ. ಪರೀಕ್ಷೆ ಇದೆ ನಿಂಗೆ."

ಗಂಟನ್ನು ಗಂಟಾಗಿಯೇ ಹಿಡಿದುಕೊಂಡು ಹೋದಳು. ನಾನೇ ತೆಗೆದೆ, ತಪ್ಪಾಯಿತು ಎಂದು ಅವರ ಮುಂದೆ ಇಟ್ಟಳು. ಡಾಕ್ಟರು ದೊಡ್ಡ ಮನಸ್ಸು ಮಾಡಿ ಪೊಲೀಸರನ್ನು ಕರೆಯಲಿಲ್ಲ; ಅವರ ಹೆಂಡತಿ ಸಣ್ಣ ಮನಸ್ಸು ಮಾಡಿ ಬೀದಿಗೆಲ್ಲ ಸಾರಿದಳು. ವಾರದೊಳಗೆ ಐದೂ ಮನೆ ಹೋದವು. ಆಮೇಲೆ ಅಮ್ಮ ಊರಾಚೆಯ ಲಾಂಡ್ರಿಯಲ್ಲಿ, ಆವಿ ತುಂಬಿದ ಹಿಂದಿನ ಕೋಣೆಯಲ್ಲಿ, ಇಪ್ಪತ್ತಾರು ವರ್ಷ ನಿಂತೇ ಕೆಲಸ ಮಾಡಿದಳು. ಬಲತೋಳು ಎಡತೋಳಿಗಿಂತ ದಪ್ಪಗಾಯಿತು. ಯಾರಿಗೂ ಹೇಳಬೇಡ ಎಂದು ಮಗಳು ಒಂದೇ ಸಲ ಕೇಳಿಕೊಂಡದ್ದು. "ನಂಗೇನು ಹುಚ್ಚಾ?" ಎಂದಿದ್ದಳು ಅಮ್ಮ.

*

ಮೊದಲು ಮಾತಾಡಲು ಎದ್ದವನು ಒಬ್ಬ ಬಸ್ ಡ್ರೈವರ್. ಮೈಕನ್ನು ಸ್ಟಿಯರಿಂಗ್ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡ. ಮಗಳಿಗೆ ಎದ್ದು ಹೋಗಿ ಮೈಕಿನ ವೈರು ಕಿತ್ತುಬಿಡಲೇ ಎಂದು ಒಂದು ಕ್ಷಣ ನಿಜವಾಗಿಯೂ ಅನ್ನಿಸಿತು.

"ನಾನು ಒಂದೂವರೆ ವರ್ಷ ಜೈಲಲ್ಲಿದ್ದೋನು," ಡ್ರೈವರ್ ಶುರು ಮಾಡಿದ. "ಕಳ್ಳತನದ ಕೇಸು. ಆಚೆ ಬಂದ್ಮೇಲೆ ಯಾರ ಪಕ್ಕ ಕೂತ್ರೂ ಅವರು ಜೇಬು ಮುಟ್ಟಿ ನೋಡ್ಕೊಳ್ಳೋರು. ಒಂದಿನ ಫ್ಯಾನ್ ಕೆಳಗೆ ಕೂರೋಣ ಅಂತ ಲೈಬ್ರರಿಗೆ ಹೋದೆ. ಈ ಅಮ್ಮ ಕೂತಿದ್ರು."

ಅವನು ತಿರುಗಿ ಶವದ ಕಡೆ ನೋಡಿದ. ಮಗಳು ಶಾಲಿನೊಳಗೆ ರಟ್ಟಿನ ಅಂಚನ್ನು ಬೆರಳು ನೋಯುವಷ್ಟು ಒತ್ತಿ ಹಿಡಿದಳು. ಈಗ ಬಂತು.

"'ಡಾಕ್ಟರ ಮನೇಲಿ ಚಿನ್ನದ ಸರ ಕದ್ದೆ ಕಣಪ್ಪ, ನಾನೇ, ಇದೇ ಕೈ' ಅಂತ ಕೈ ಚಾಚಿ ತೋರಿಸಿದ್ರು. ಆಮೇಲೆ, 'ಅದಾದ್ಮೇಲೆ ಇದೇ ಕೈ ಇಪ್ಪತ್ತಾರು ವರ್ಷ ಊರ ಬಟ್ಟೆ ಇಸ್ತ್ರಿ ಮಾಡಿದೆ, ಒಂದು ಗುಂಡಿ ಕೂಡ ಕಳೆದಿಲ್ಲ' ಅಂದ್ರು. ಮಾರನೇ ದಿನ ಹೋಗಿ ಡಿಪೋದಲ್ಲಿ ಕೆಲಸ ಕೇಳ್ದೆ. ಅಷ್ಟೇ ನಾನು ಹೇಳೋದು."

ಬಲಗಡೆ ಕುರ್ಚಿಗಳು ಕಿರುಗುಟ್ಟಿದವು. ಕಾರ್ಯದರ್ಶಿಯ ಹುಬ್ಬು ಮೇಲೇರಿತು. ಡ್ರಾಯಿಂಗ್ ಮೇಷ್ಟ್ರು ಪಕ್ಕದವರ ಕಿವಿಯಲ್ಲಿ ಏನೋ ಅಂದರು, ಆಮೇಲೆ ಇಬ್ಬರೂ ಅವಳ ಕಡೆ ನೋಡಿದರು. ಆ ನೋಟದಲ್ಲಿ ಇದ್ದದ್ದು ಕನಿಕರ: ಅಯ್ಯೋ, ಇಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ ಇಷ್ಟು ಮೇಲೆ ಬಂದಿದ್ದಾರಲ್ಲ.

ಮಗಳಿಗೆ ಉಳಕೊಂಡೆ ಅನ್ನಿಸಿತು. ಆ ಮಾತು ಮನಸ್ಸಿನಲ್ಲಿ ಪೂರ್ತಿಯಾಗಿ, ಸ್ಪಷ್ಟವಾಗಿ ಮೂಡಿದ ಮೇಲೆ ಮೈಯೆಲ್ಲ ಕುಗ್ಗಿಹೋಯಿತು. ಗಂಡ ದೂರದಿಂದ ಅವಳನ್ನೇ ದಿಟ್ಟಿಸುತ್ತಿದ್ದ. ಅವಳು ಅವನ ಕಣ್ಣು ತಪ್ಪಿಸಿದಳು.

ಇನ್ನಿಬ್ಬರು ಮಾತಾಡಿದರು. ಅಷ್ಟರಲ್ಲಿ ಒಬ್ಬ ಮುದುಕ ಬಂದು ಪಕ್ಕದ ಕುರ್ಚಿಯಲ್ಲಿ ಮೆಲ್ಲಗೆ ಕೂತ. ಸೊಂಟದಲ್ಲಿ ಕೀಲಿಗಳ ಗೊಂಚಲು. ಅದು ಸದ್ದು ಮಾಡದಂತೆ ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದ.

"ಬೀಗ ರಿಪೇರಿ ಮಾಡ್ತೀನಿ ತಾಯಿ. ಲೈಬ್ರರೀಲಿ ಕೀಲಿ ತಾತ ಅಂತಾರೆ. ನಿಮ್ಮ ಅಮ್ಮನ್ನ ಹದಿನಾಲ್ಕು ಸಲ ಓದಿದೀನಿ."

"ಒಂದೇ ಕತೇನ ಹದಿನಾಲ್ಕು ಸಲ?"

"ಒಂದೇ ಆಗಿದ್ರೆ ಒಂದೇ ಸಲ ಸಾಕಾಗಿತ್ತು." ತಾತ ದನಿ ತಗ್ಗಿಸಿದ. "ಮೊದಲನೇ ಸಲ ಸುಮ್ನೆ ಬಾಯಿ ಚಪಲಕ್ಕೆ ಕೇಳ್ದೆ, ಆ ಸರದ ಕೊಂಡಿ ಎಂಥದ್ದಮ್ಮ ಅಂತ. ನನ್ನ ಕಸುಬೇ ಅದಲ್ವಾ? ಕೊಕ್ಕೆ ಅಂದ್ರು. ಇನ್ನೊಂದ್ಸಲ ಕೇಳ್ದಾಗ, ಒತ್ತಿದ್ರೆ ಬಿಚ್ಕೊಳ್ಳೋದು ಅಂದ್ರು. ಆಮೇಲೊಂದು ಸಲ, ಕೊಂಡೀನೇ ಇರ್ಲಿಲ್ಲ, ತಲೆ ಮೇಲಿಂದ ಹಾಕ್ಕೊಳ್ಳೋದು ಅಂದ್ರು. ನಲವತ್ತು ವರ್ಷದ ಹಿಂದೆ ಬಿಚ್ಚಿದ ಬೀಗ ನನ್ನ ಬೆರಳಿಗೆ ಇವತ್ತಿಗೂ ನೆನಪಿದೆ ತಾಯಿ. ಇವರು ಆ ಕೊಂಡೀನ ಮುಟ್ಟೇ ಇಲ್ಲ ಅಂತ ನಂಗೆ ಗೊತ್ತಾಗೋಯ್ತು."

ಮಗಳು ಶಾಲನ್ನು ರಟ್ಟಿನ ಮೇಲೆ ಇನ್ನಷ್ಟು ಎಳೆದುಕೊಂಡಳು.

"ಸರ ನಿಮ್ಮ ಕೈಲಿ ಎಷ್ಟು ಹೊತ್ತಿತ್ತಮ್ಮ ಅಂದೆ. ರಟ್ಟು ಬೋರಲು ಹಾಕಿದ್ರು. ಅಲ್ಲಿಗೆ ಬಿಟ್ಟೆ. ಆದ್ರೂ ಪ್ರತಿ ತಿಂಗಳೂ ಹೋಗಿ ಕೂರ್ತಿದ್ದೆ. ಪಾಪ, ಸುಳ್ಳು ಹೇಳೋಕೆ ಬರ್ತಿರ್ಲಿಲ್ಲ ಅವರಿಗೆ. ಒಬ್ಬರಾದ್ರೂ ಗೊತ್ತಿರೋರು ಎದುರಿಗೆ ಇರ್ಲಿ ಅಂತ."

*

ಕೊಂಡಿ. ಹೋದ ವರ್ಷ, ಒಂದು ಭಾನುವಾರ ಬೆಳಿಗ್ಗೆ. ಮಗಳು ಅಡುಗೆಮನೆಯ ಮೇಜಿನ ಮೇಲೆ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಅಮ್ಮ ಹೊರಡಲು ಸಿದ್ಧಳಾಗಿ, ಕೂದಲು ಬಾಚಿ, ಬಾಗಿಲ ಬಳಿ ಚಪ್ಪಲಿ ಮೆಟ್ಟಿ ನಿಂತವಳು ಹೋಗಲೇ ಇಲ್ಲ.

"ಒಂದು ಕೇಳ್ಲೇನೇ?"

"ಕೇಳು."

"ಆ ಸರದ ಕೊಂಡಿ ಹೆಂಗಿತ್ತೇ?"

ಮೂವತ್ತೆರಡು ವರ್ಷದಲ್ಲಿ ಆ ಮಾತು ಆ ಮನೆಯಲ್ಲಿ ಬಂದದ್ದು ಅದೇ ಮೊದಲು. ಮಗಳ ಕೈಯಲ್ಲಿದ್ದ ಕೆಂಪು ಪೆನ್ನು ಯಾವನೋ ಹುಡುಗನ ಸರಿಯುತ್ತರದ ಮೇಲೆ ಗೀಟೆಳೆಯಿತು.

"ಯಾವ ಸರ?" ಅಂದಳು, ತಲೆ ಎತ್ತದೆ.

ಅಮ್ಮ "ಹೋಗ್ಲಿ ಬಿಡು. ಬಸ್ಸು ಹೋಗ್ಬಿಡುತ್ತೆ," ಎಂದು ಬಾಗಿಲು ಎಳೆದುಕೊಂಡು ಹೋದಳು. ಮುದುಕಿಗೆ ಅರಳುಮರಳು ಶುರುವಾಯಿತೇನೋ, ಇನ್ನು ಎಲ್ಲೆಲ್ಲಿ ಏನೇನು ಬಾಯಿಬಿಡುತ್ತಾಳೋ ಎಂದು ಮಗಳು ಆ ವಾರವಿಡೀ ಹೆದರಿಕೊಂಡು ಓಡಾಡಿದ್ದಳು.

*

ಬಾಯಿಬಿಡಲು ಕೇಳಿದ್ದಲ್ಲ. ಸುಳ್ಳನ್ನು ಗಟ್ಟಿ ಮಾಡಿಕೊಳ್ಳಲು ಕೇಳಿದ್ದು.

"ಯಾಕೆ ಹಾಗೆ ಹೇಳ್ತಿದ್ರೋ," ಕೀಲಿ ತಾತ ಅವಳ ಮುಖ ನೋಡದೆ ಕೇಳಿದ. "ನಿಮಗೇನಾದ್ರೂ ಗೊತ್ತಾ ತಾಯಿ?"

ಮಗಳು ರಟ್ಟನ್ನು ಶಾಲಿನಿಂದ ಹೊರತೆಗೆದಳು. ತೊಡೆಯ ಮೇಲಿಟ್ಟಳು. ಬೋರಲು ಹಾಕಿದಳು.

"ಸರಿ," ಅಂದ ತಾತ. ಮತ್ತೇನೂ ಕೇಳಲಿಲ್ಲ.

ಹೊರಗೆ ಗಾಡಿ ಬಂದ ಸದ್ದಾಯಿತು. ಗಂಡ ಮೈಕು ತಂದು ಅವಳ ಮುಂದೆ ಹಿಡಿದ. "ನೀನೊಬ್ಳು ಹೇಳ್ಬಿಡು. ಬರ್ಕೊಂಡಿದ್ದೆಯಲ್ಲ." ಆಮೇಲೆ ಮೆತ್ತಗೆ, "ಆ ಡ್ರೈವರ್ ಮಾತು ತಲೆಗೆ ಹಚ್ಕೋಬೇಡ. ಆಗೋಗಿದ್ದು ಆಗೋಯ್ತು. ಯಾರೂ ಏನೂ ಅಂದ್ಕೊಳ್ಳಲ್ಲ."

ಬರೆದುಕೊಂಡಿದ್ದ ಹಾಳೆ ಕೈಚೀಲದಲ್ಲಿತ್ತು. ನನ್ನ ತಾಯಿ ಶ್ರಮಜೀವಿ, ಪ್ರಾಮಾಣಿಕತೆಯೇ ಮೂರ್ತಿವೆತ್ತಂತೆ ಇದ್ದವರು ಎಂದು ಶುರುವಾಗುವ ಹಾಳೆ. ಅವಳು ಚೀಲವನ್ನು ಕುರ್ಚಿಯ ಮೇಲೇ ಬಿಟ್ಟು ಎದ್ದಳು. ಸಾವಿರ ಮಕ್ಕಳ ಮುಂದೆ ಚೀಟಿಯಿಲ್ಲದೆ ಮಾತಾಡುವವಳಿಗೆ ಅಲ್ಲಿಂದ ತಾಯಿಯ ತಲೆಯ ಹತ್ತಿರಕ್ಕೆ ಹೋಗುವ ಎಂಟು ಹೆಜ್ಜೆ ಮುಗಿಯಲೇ ಇಲ್ಲ. ಬಿಳಿ ಹೊದಿಕೆಯ ಹೊರಗೆ ಅಮ್ಮನ ಬಲಗೈ ಕಾಣುತ್ತಿತ್ತು, ಮಣಿಕಟ್ಟಿನ ಮೇಲೆ ಇಸ್ತ್ರಿಪೆಟ್ಟಿಗೆ ಸುಟ್ಟ ಹಳೆಯ ಕಲೆ.

"ಅಮ್ಮ ಹೋದ ವರ್ಷ ನನ್ನ ಒಂದು ಪ್ರಶ್ನೆ ಕೇಳಿದ್ಲು," ಎಂದಳು. "ನಾನು ಉತ್ತರ ಕೊಡ್ಲಿಲ್ಲ."

ಬಲಗಡೆಯವರು ನೆಟ್ಟಗೆ ಕೂತರು. ಎಡಗಡೆ ಕೀಲಿ ತಾತ ಗೊಂಚಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

ಮಗಳು ಯಾರತ್ತಲೂ ತಿರುಗಲಿಲ್ಲ, ಅಮ್ಮನಿಗೇ ಹೇಳಿದಳು. "ತಿರುಪು ಇತ್ತಮ್ಮ. ಎಲ್ಲಾ ತಿರುಪೂ ಎಡಕ್ಕೆ ಬಿಚ್ಕೊಳ್ಳುತ್ತೆ, ಅದು ಬಲಕ್ಕೆ. ನಂಗೆ ಗೊತ್ತಿರ್ಲಿಲ್ಲ. ಫೋಟೋ ಆದ ತಕ್ಷಣ ತೆಗೆದು ವಾಪಸ್ ಇಡೋಣ ಅಂತ ಸ್ಕೂಲ್ ಬಚ್ಚಲಲ್ಲಿ ನಿಂತು ಎಡಕ್ಕೇ ತಿರುಗಿಸ್ತಿದ್ದೆ. ತಿರುಗಿಸಿದಷ್ಟೂ ಬಿಗಿ ಆಗೋದು. ಬೆರಳೆಲ್ಲ ಕಿತ್ತೋಯ್ತು. ಕೊನೆಗೆ ಬಲಕ್ಕೆ ತಿರುಗಿಸಿ ಬಿಚ್ಚೋ ಹೊತ್ತಿಗೆ ಸಂಜೆ ಆಗೋಗಿತ್ತಮ್ಮ."

ಮೈಕು ಗಂಡನ ಕೈಯಲ್ಲೇ ಉಳಿಯಿತು. ಗಾಡಿಯವನು ಬಾಗಿಲಿಗೆ ಬಂದು ಅಲ್ಲೇ ನಿಂತ. ಅವಳ ಎರಡೂ ಕೈ ತಾವಾಗಿಯೇ ಕತ್ತಿನ ಹಿಂದಕ್ಕೆ ಹೋಗಿದ್ದವು. ಏನೂ ಇಲ್ಲದ ಆ ಬರಿಗತ್ತಿನ ಮೇಲೆ ಹೆಬ್ಬೆರಳೂ ತೋರುಬೆರಳೂ ಕೂಡಿ, ಎಲ್ಲರೂ ನೋಡುತ್ತಿದ್ದಂತೆಯೇ, ನಿಧಾನಕ್ಕೆ ಬಲಕ್ಕೆ ತಿರುಗಿಸುತ್ತಿದ್ದವು.