ನಕ್ಷೆಯಲ್ಲಿಲ್ಲದ ಜಾಗ

ಮೇ ತಿಂಗಳು ಬಂತೆಂದರೆ ಪೀಟರ್ಸ್‌ಬರ್ಗಿನ ಮಾರುಕಟ್ಟೆಗಳಲ್ಲಿ ಸೌತೆಕಾಯಿ ವಾಸನೆ. ಅದು ಸೌತೆಕಾಯಿಯದಲ್ಲ, ಕೋರ್ಯುಷ್ಕಾ ಎಂಬ ಸಣ್ಣ ಮೀನಿನದು. ಕಲೇರಿಯಾ ಸ್ಟೆಪಾನೊವ್ನಾ ಹಿಂದಿನ ಸಂಜೆ ಆ ಮೀನನ್ನು ಇಬ್ಬರಿಗಾಗುವಷ್ಟು ಕೊಂಡು ಫ್ರಿಜ್ಜಿನಲ್ಲಿಟ್ಟಿದ್ದಳು. ಗಂಡ ತೀರಿಕೊಂಡ ಮೇಲೆ ಇಬ್ಬರಿಗೆಂದು ಅವಳು ಏನನ್ನೂ ಕೊಂಡವಳಲ್ಲ.

ಪ್ರವಾಸಿಗರಿಗೆ ಊರು ತೋರಿಸುವ ಬಸ್ಸಿನಲ್ಲಿ ಅವಳು ಗೈಡ್. ಐಸಾಕ್ ಚರ್ಚಿನ ಚಿನ್ನದ ಗುಮ್ಮಟ, ಕುದುರೆಯೇರಿದ ಕಂಚಿನ ದೊರೆ, ದ್ವೀಪದ ಮೂಗಿನ ಮೇಲೆ ನಿಂತ ಎರಡು ಕೆಂಪು ದೀಪಸ್ತಂಭ, ಮಧ್ಯಾಹ್ನಕ್ಕೆ ತೋಪು ಹಾರಿಸುವ ಕೋಟೆ. ದಿನಕ್ಕೆರಡು ಸುತ್ತು, ಅವೇ ಮಾತು. ಹತ್ತುವಾಗ ಪ್ರತಿಯೊಬ್ಬರಿಗೂ 'ನೋಡಲೇಬೇಕಾದ ಜಾಗಗಳು' ಎಂಬ ನಕ್ಷೆಯ ಹಾಳೆ ಕೊಡುತ್ತಾಳೆ. ಇಳಿಯುವಾಗ ಅದರಲ್ಲಿ ಅರ್ಧದಷ್ಟು ಸೀಟಿನ ಕೆಳಗೆ ಬಿದ್ದಿರುತ್ತದೆ.

ಪೆರ್ಮ್ ಊರಿನಿಂದ ಒಬ್ಬನೇ ಬಂದಿದ್ದ ಪ್ರೋಖೋರ್ ಇಲ್ಯಿಚ್ ಮಾತ್ರ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡಿದ್ದ. ಅರವತ್ತು ದಾಟಿದ ಎತ್ತರದ ಆಳು, ಮಾತು ಕಡಿಮೆ. ಎರಡನೆಯ ದಿನವೂ ಅವನು ಅದೇ ಸುತ್ತಿಗೆ ಬಂದಾಗ ಅವಳು ಬಾಗಿಲಲ್ಲೇ ಕೇಳಿದ್ದಳು:

"ನಿನ್ನೆ ಎಲ್ಲಾ ನೋಡಿದ್ರಲ್ಲ?"

"ನಿನ್ನೆ ಎಡಗಡೆ ಕೂತಿದ್ದೆ. ಬಲಗಡೆ ಊರು ಬಾಕಿ ಇತ್ತು."

ಮೂರನೆಯ ದಿನ, ಅಂದರೆ ಇವತ್ತು, ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಮತ್ತೆ ಬಂದ.

"ಇವತ್ತು ಯಾವ ಕಡೆ?"

"ಇವತ್ತು ನೋಡಕ್ಕಲ್ಲ, ಕೇಳಕ್ಕೆ. ನಾಳೆ ಬೆಳಿಗ್ಗೆ ರೈಲು."

ಡ್ರೈವರ್ ತಿಮೂರ್ ಕನ್ನಡಿಯಲ್ಲೇ ಹುಬ್ಬು ಹಾರಿಸಿದ. "ಕಲೇರಿಯಾ ಸ್ಟೆಪಾನೊವ್ನಾ, ಈ ಚರ್ಚು ನೋಡಕ್ಕೆ ಮೂರು ಸಲ ಯಾರೂ ಬರಲ್ಲ. ನಾನಂತೂ ಸಂಬಳ ಕೊಡ್ತಾರೆ ಅಂತ ಬರ್ತೀನಿ."

"ರಸ್ತೆ ನೋಡ್ಕೊಂಡು ಓಡಿಸು" ಎಂದಳು. ಆದರೆ ಆ ಸುತ್ತಿನಲ್ಲಿ ಅವಳು ಮೈಕಿನಲ್ಲಿ ಒಂದು ಇಸವಿಯನ್ನು ತಪ್ಪು ಹೇಳಿ ತಿದ್ದಿಕೊಂಡಳು. ವರ್ಷಗಳಿಂದ ಹಾಗಾಗಿರಲಿಲ್ಲ. ನಡುನಡುವೆ ಇನ್ನೊಂದು ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದಳು: ಸಂಜೆ ಬಿಡುವಿದ್ದರೆ ಮನೆಗೆ ಬನ್ನಿ, ಮೀನು ಹುರಿಯುತ್ತೇನೆ. ಸುಲಭದ ವಾಕ್ಯವೇ. ನಾಲಿಗೆಗೆ ಮಾತ್ರ ಅಭ್ಯಾಸ ತಪ್ಪಿತ್ತು.

ಸೇತುವೆಯ ಮೇಲೆ ಒಂದು ಟ್ಯಾಕ್ಸಿ ಅಡ್ಡ ಬಂದು ತಿಮೂರ್ ಗಕ್ಕನೆ ಬ್ರೇಕ್ ಹಾಕಿದ. ಮೇಲಿನಿಂದ ಯಾರದೋ ಬ್ಯಾಗು ಪ್ರೋಖೋರ್ ಇಲ್ಯಿಚ್‌ನ ಪಕ್ಕದ ಸೀಟಿಗೆ, ಅವನ ಕೋಟಿನ ಮೇಲೆ, ದೊಪ್ಪನೆ ಬಿತ್ತು. "ಏನೂ ಆಗ್ಲಿಲ್ಲ, ಏನೂ ಆಗ್ಲಿಲ್ಲ" ಎಂದು ಅವನೇ ಎಲ್ಲರಿಗೂ ಸಮಾಧಾನ ಹೇಳಿದ. ಅಲ್ಲಿಂದಾಚೆಗೆ ಕಿಟಕಿಯಾಚೆ ನೋಡಲೇ ಇಲ್ಲ.

ಸುತ್ತು ಮುಗಿಯಿತು. ಎಲ್ಲರೂ ಇಳಿದರು. ಕೊನೆಗೆ ಅವನು ಬಂದು ಅವಳೆದುರು ನಿಂತ. ಕೈಯಲ್ಲಿ ನಕ್ಷೆಯ ಹಾಳೆಯಲ್ಲಿ ಸುತ್ತಿದ ಕೆಂಪು ಟ್ಯೂಲಿಪ್ ಹೂಗಳು.

"ಕಲೇರಿಯಾ ಸ್ಟೆಪಾನೊವ್ನಾ, ನಾನು ಇದನ್ನ..."

ಅಷ್ಟರಲ್ಲಿ ಅವಳ ಕಣ್ಣು ಎಣಿಸಿಬಿಟ್ಟಿತ್ತು. ಎರಡು. ಬದುಕಿರುವವರಿಗೆ ಹೂ ಒಂದು, ಮೂರು, ಐದು. ಸತ್ತವರಿಗಾದರೆ ಎರಡು, ನಾಲ್ಕು. ರಷ್ಯಾದಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಕಣ್ಣು ತಾನಾಗಿ ಎಣಿಸುತ್ತದೆ.

ಜೋಡಿಸಿಟ್ಟ ವಾಕ್ಯವನ್ನು ಅವಳು ನುಂಗಿಕೊಂಡಳು. ಸಮಾಧಿಗೆ ಹೂವಿಡಲು ಹೊರಟವನನ್ನು ಮೀನೂಟಕ್ಕೆ ಕರೆಯುವುದೇ?

"ಪಿಸ್ಕರ್ಯೋವ್ಕಾ ಸ್ಮಶಾನಕ್ಕಾ?" ಎಂದು ಮೆಲ್ಲಗೆ ಕೇಳಿದಳು. ಮಹಾಯುದ್ಧದಲ್ಲಿ ಜರ್ಮನ್ ಸೇನೆ ಊರನ್ನು ಸುತ್ತುಗಟ್ಟಿದ್ದ ದಿಗ್ಬಂಧನದ ವರ್ಷಗಳಲ್ಲಿ ಹಸಿವಿನಿಂದ ಸತ್ತವರು ಸಾಲುಸಾಲಾಗಿ ಮಲಗಿರುವ ಜಾಗ ಅದು. ದೂರದೂರಿನಿಂದ ಬಂದವರಿಗೂ ಅಲ್ಲಿ ಒಬ್ಬರಾದರೂ ನೆಂಟರಿರುತ್ತಾರೆ. "ಮೆಟ್ರೋದಲ್ಲಿ ಮುಝೆಸ್ತ್ವಾ ಚೌಕಕ್ಕೆ ಹೋಗಿ. ಅಲ್ಲಿಂದ ಬಸ್ಸಿದೆ. ನಿಮ್ಮವರಿಗೆ ನನ್ನ ಕಡೆಯಿಂದಲೂ ಒಂದು ನಮಸ್ಕಾರ ಹಾಕಿ."

ಅವನು ಹೂಗಳನ್ನು ಆಗಷ್ಟೇ ಕಂಡವನಂತೆ ನೋಡಿದ. ಕಿವಿ ಕೆಂಪಾಯಿತು.

"ಹ್ಞಾಂ... ಹೌದು. ಹಾಕ್ತೀನಿ" ಎಂದು ಇಳಿದು ಹೋದ.

ಅವಳು ಎರಡನೆಯ ಸುತ್ತನ್ನು ಒಂದು ಇಸವಿಯೂ ತಪ್ಪದೆ ಮುಗಿಸಿದಳು.

ಸಂಜೆ ಬಸ್ಸು ಗುಡಿಸುತ್ತಿದ್ದ ತಿಮೂರ್ ಕೂಗಿದ. "ಇಲ್ಲಿ ನೋಡಿ, ಯಾರೋ ಮದುಮಗ ಬೀಳಿಸ್ಕೊಂಡಿದ್ದಾನೆ!" ಕೈಯಲ್ಲಿ ಒಂದು ಕೆಂಪು ಟ್ಯೂಲಿಪ್, ಕತ್ತು ಮುರಿದು ಒಂದು ನಾರಿನಲ್ಲಿ ತೂಗುತ್ತಿತ್ತು. "ಆ ಪೆರ್ಮ್‌ನವನ ಸೀಟಿನ ಕೆಳಗಿತ್ತು."

ಅವಳು ಸೀಟಿಗೆ ಒರಗಿದಳು. ಬ್ರೇಕು, ಬ್ಯಾಗು, ಕೋಟು. ಕೋಟಿನ ಕೆಳಗೆ ಮೂರು ಹೂವಿದ್ದವು.

ನಡೆದದ್ದನ್ನು ಕೇಳಿ ತಿಮೂರ್ ತಲೆ ಚಚ್ಚಿಕೊಂಡ. "ಅಯ್ಯೋ ದೇವರೇ! ಇನ್ನೊಂದನ್ನ ಆಚೆ ಎಸೆದು ಒಂದೇ ಕೊಡಬಾರದಿತ್ತಾ? ಹೂ ಕೊಡಕ್ಕೆ ಬಂದವನಿಗೆ ಸುಡುಗಾಡಿನ ದಾರಿ ತೋರಿಸೋ ಗೈಡು ನೀವೊಬ್ಬರೇ."

"ಅವರು ಬಾಯಿ ಬಿಡಬಹುದಿತ್ತು" ಎಂದಳು. ಅವನ ಕೈಯಿಂದ ಹೂವನ್ನು ತೆಗೆದುಕೊಂಡು, "ನಾನೂ ಬಿಡಬಹುದಿತ್ತು" ಎಂದಳು.

"ಹೋಗಿರಲ್ಲ ಬಿಡಿ ಅಲ್ಲಿಗೆ."

"ಹೋಗಿರ್ತಾರೆ. ಮೂರು ದಿನದಿಂದ ನಾನು ಎಲ್ಲಿ ಇಳೀರಿ ಅಂದ್ರೆ ಅಲ್ಲಿ ಇಳಿದ ಮನುಷ್ಯ."

ಅವನ ಹೋಟೆಲು ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ. ಹುಡುಕಲು ಇದ್ದದ್ದು ತಾನೇ ತೋರಿಸಿದ ದಾರಿಯೊಂದೇ. ಮೆಟ್ರೋ ಹಿಡಿದು, ಬಸ್ಸು ಹತ್ತಿ ಪಿಸ್ಕರ್ಯೋವ್ಕಾ ತಲುಪಿದಾಗಲೂ ಮೇ ತಿಂಗಳ ಬೆಳಕು ಇಳಿದಿರಲಿಲ್ಲ. ಹುಲ್ಲಿನ ದಿಬ್ಬಗಳ ನಡುವಿನ ಉದ್ದನೆಯ ಹಾದಿಯಲ್ಲಿ ಜನರಿರಲಿಲ್ಲ. ದಿಬ್ಬಗಳ ತುದಿಯ ಕಲ್ಲುಗಳ ಮೇಲೆ ಹೆಸರುಗಳಿಲ್ಲ, ಬರೀ ಇಸವಿ. ಯುದ್ಧ ಗೆದ್ದ ನೆನಪಿಗೆ ಮೇ ಒಂಬತ್ತರ ವಿಜಯದ ದಿನ ಇಟ್ಟ ಹೂಗಳು ಬಾಡಿದ್ದವು. ಅವುಗಳ ನಡುವೆ 1942ರ ಒಂದು ಕಲ್ಲಿನ ಮೇಲೆ, 'ನೋಡಲೇಬೇಕಾದ ಜಾಗಗಳು' ಹಾಳೆಯನ್ನು ಬಿಚ್ಚಿ ಹಾಸಿ, ಎರಡು ಟ್ಯೂಲಿಪ್‌ಗಳನ್ನು ನೇರವಾಗಿ ಮಲಗಿಸಲಾಗಿತ್ತು. ಗಾಳಿಗೆ ಹಾರದಂತೆ ಹಾಳೆಯ ಮೂಲೆಗೆ ಒಂದು ಹರಳುಕಲ್ಲು. ಆ ನಕ್ಷೆಯಲ್ಲಿ ಈ ಸ್ಮಶಾನ ಇರಲಿಲ್ಲ.

ಅವಳು ತಲೆ ಬಾಗಿಸಿ ನಿಂತಳು. ಅವನ ನಮಸ್ಕಾರವೂ ತನ್ನದೂ ಸಂದಾಯವಾಗಿತ್ತು. ಕೈಯಲ್ಲಿದ್ದ ಮುರಿದ ಹೂವನ್ನು ಇಡಲೆಂದು ಬಗ್ಗಿ, ತಡೆದಳು. ಇಟ್ಟರೆ ಮೂರಾಗುತ್ತದೆ, ಅಲ್ಲಿ ಮೂರು ಇಡುವಂತಿಲ್ಲ.

ಮನೆಗೆ ಬಂದು ಅದರ ಕತ್ತಿಗೆ ಬೆಂಕಿಕಡ್ಡಿ ಆನಿಸಿ, ದಾರ ಸುತ್ತಿ, ಲೋಟದ ನೀರಿನಲ್ಲಿ ನಿಲ್ಲಿಸಿದಳು. ಆಮೇಲೆ ಮೀನನ್ನೆಲ್ಲ ಹುರಿದಳು. ನಾಳೆಗೆ ಇಟ್ಟರೆ ಕೆಡುವ ಮೀನು ಅದು.