ಬಿಷಪ್ಪರ ಮುಂದಿನ ತುತ್ತು

ಅಳಿಯಂದ್ರೇ, ಇದು ನಡೆದದ್ದೇ. ಒಂದಕ್ಷರ ಸುಳ್ಳಿದ್ರೆ ಅಗೋ ಅಲ್ಲಿ ಕಟ್ಟಿರೋ ನನ್ನ ದೋಣಿ ಕಟ್ಟಿದ್ದ ಜಾಗದಲ್ಲೇ ಮುಳುಗ್ಲಿ. ಆಗ್ಲೇ ಅರ್ಧ ಮುಳುಗೈತಲ್ಲ ಅಂತ ನೋಡ್ಬೇಡಿ, ಅದಕ್ಕೆ ಬೇರೆ ಕಾರಣ ಐತೆ.

ಬಟ್ಲು ತಗೊಳ್ಳಿ. ಗಂಬೊ ಬಿಸಿ ಇದ್ದಾಗ್ಲೇ ತಿನ್ಬೇಕು. ಅನ್ನ ತಳದಲ್ಲೈತೆ, ಸಾರು ಮೇಲೈತೆ, ಕಲಸ್ಕೊಂಡು ತಿನ್ತಾ ಕೇಳಿ. ವೆರೆ ಮನೆ ಹುಡುಗೀನ ಕಟ್ಕೊಂಡು ನೀವು ಲೂಸಿಯಾನದ ಈ ಕೆಳತುದಿಗೆ ಬಂದು ಎಷ್ಟೋ ದಿನ ಆಯ್ತು, ನನ್ನ ಜಗುಲಿ ಮೇಲೆ ಕೂತಿದ್ದು ಇವತ್ತೇ. ಶುಕ್ರವಾರ ಬೇರೆ, ನನಗೂ ಬಲೆ ಬೀಸೋ ಮನಸ್ಸಿಲ್ಲ.

ನಮ್ಮಕ್ಕ ಎಲ್ಮೀರನ್ನ ನೀವು ನೋಡಿದ್ದೀರಿ. ಬಯೂ ದಡದಲ್ಲಿ ಐಸು, ಗಾಳದ ಹುಳ ಮಾರ್ತಾಳಲ್ಲ, ಅವ್ಳೇ. ಬಯೂ ಅಂದ್ರೆ ಹೊಳೆ ಅಂತಾರೆ, ನನಗೇನೋ ಅದು ಹರೀಲೋ ಬೇಡ್ವೋ ಅಂತ ಯೋಚ್ನೆ ಮಾಡ್ತಾ ನಿಂತಿರೋ ನೀರು. ಅಕ್ಕ ಮೂರನೇ ಕ್ಲಾಸು. ಜೀವಮಾನದಲ್ಲಿ ಅವಳು ಪಾಠ ಹೇಳಿದ್ದು ಒಂದೇ ಒಂದು ನಾಯಿಗೆ. ಅದೂ ಕಲೀಲಿಲ್ಲ.

ಇಂಥವಳ ಅಂಗಡಿಗೆ ಒಂದಿನ ನಮ್ಮ ಫಾದರ್ ಗೆರಿನ್ ಐಸು ಕೊಳ್ಳೋಕೆ ಬಂದ್ರು.

"ಎಲ್ಮೀರಮ್ಮ, ಒಂದ್ನಿಮಿಷ ಇದನ್ನ ಹಿಡ್ಕೊಳ್ಳಿ, ಐಸು ಎತ್ಕೊಳ್ತೀನಿ" ಅಂದ್ರು.

ಇವಳು ಹಿಡ್ಕೊಂಡ್ಳು. ನೋಡಿದ್ರೆ ಚರ್ಚಿನ ಹಿಂದಿನ ಕೋಣೆ ಬೀಗದ ಕೈ. ನಮ್ಮಲ್ಲಿ ಒಂದು ಪದ್ಧತಿ ಐತೆ, ನಿಮಗೆ ಗೊತ್ತಿರಲ್ಲ. ಆ ಬೀಗದ ಕೈ ಯಾರ ಕೈಗೆ ಬಂತೋ ಹುಡುಗರ ಧರ್ಮದ ಕ್ಲಾಸು ಅವರದ್ದು. ಒಂದ್ಸಲ ಹಿಡ್ಕೊಂಡ ಮೇಲೆ ಫಾದರಿಗೆ ವಾಪಸ್ ಕೊಡಂಗಿಲ್ಲ. ಇನ್ನೊಬ್ರ ಕೈಗೆ ದಾಟಿಸ್ಬೋದು, ಅಷ್ಟೇ.

"ಹಿಂದಿನ ಮೇಷ್ಟ್ರು ಎಲ್ಲಿ?" ಅಂತ ಕೇಳಿದ್ಳು ಅಕ್ಕ.

"ಟೆಕ್ಸಾಸಿಗೆ ಹೋದ್ರು."

"ಯಾವಾಗ ಬರ್ತಾರೆ?"

"ಚಪ್ಪಲಿ ಬಿಟ್ಟು ಓಡಿದೋರು ಬರ್ತಾರಾ ಎಲ್ಮೀರಮ್ಮ?"

ಹದಿನಾರು ತುಂಬಿದ ಹುಡುಗ್ರಿಗೆ ಬಿಷಪ್ಪರು ಹಣೆಗೆ ಎಣ್ಣೆ ಹಚ್ಚಿ ದೃಢೀಕರಣ ಕೊಡ್ತಾರಲ್ಲ, ಅದಕ್ಕೆ ತಯಾರು ಮಾಡೋ ಕ್ಲಾಸು ಅದು. ಆ ವರ್ಷ ಫಾದರ್ ಇನ್ನೊಂದು ಮಾತು ಹೇಳಿದ್ರು. ನಮ್ಮ ಬಯೂ ಹುಡುಗ್ರಿಗೆ ಏನೂ ಬರಲ್ಲ ಅಂತ ಬಿಷಪ್ಪರ ಕಿವಿಗೆ ಬಿದ್ದೈತೆ. ಈಸ್ಟರಿಗೆ ಮುಂಚೆ ತಪಸ್ಸುಕಾಲ ಬರುತ್ತಲ್ಲ, ಶುಕ್ರವಾರ ಮಾಂಸ ಬಿಟ್ಟು ಮೀನಷ್ಟೇ ತಿನ್ನೋದು, ಅದರಲ್ಲೊಂದು ಶುಕ್ರವಾರ ಅವರೇ ಬಂದು ಹುಡುಗರನ್ನ ಪರೀಕ್ಷೆ ಮಾಡ್ತಾರೆ. ಮೆಚ್ಚಲಿಲ್ಲ ಅಂದ್ರೆ ಕ್ಲಾಸನ್ನ ಎತ್ತಿ ಪಟ್ಟಣದ ದೊಡ್ಡ ಚರ್ಚಿಗೆ ಸೇರಿಸ್ತಾರೆ.

ಅಕ್ಕ ನನ್ನ ಮನೆಗೆ ಬಂದು ಇದೇ ಜಗುಲಿ ಮೇಲೆ ಕೂತ್ಳು. "ನೊರ್ಬೇ, ಸಿಗಡಿ ಕಾಲ ಬಂದ್ರೆ ನಮ್ಮ ಹುಡುಗ್ರು ಪಕ್ಕದ ಸ್ಕೂಲಿಗೇ ಹೋಗಲ್ಲ, ಪಟ್ಟಣಕ್ಕೆ ಹೋಗ್ತಾರಾ? ಕ್ಲಾಸು ಹೋದ್ರೆ ಹುಡುಗ್ರು ಹೋದ್ರು. ಹುಡುಗ್ರು ಹೋದ್ರೆ ಚರ್ಚಲ್ಲಿ ಪೂಜೆಗೆ ಉಳಿಯೋದು ನಾನು, ನನ್ನ ಮೊಣಕಾಲು. ಇಬ್ಬರಿಗೋಸ್ಕರ ಯಾವ ಬಿಷಪ್ಪು ಬಾಗಿಲು ತೆಗೆದಿಟ್ಟಿರ್ತಾನೆ?"

ಮೊದಲ್ನೇ ಬುಧವಾರ ಹೋಗಿ ಪುಸ್ತಕ ತೆಗೆದು ಓದಿದ್ಳು. ಹುಡುಗ್ರು ನೋಡಿದ್ರು. ಹೆಂಗೆ ನೋಡಿದ್ರು ಅಂದ್ರೆ, ಅವಳಂಗಡೀಲಿ ಐಸಿನ ಮೇಲೆ ಮಲಗಿರೋ ಮೀನು ನೋಡ್ತಾವಲ್ಲ, ಹಂಗೆ. ಪಿತ್ರೆ ಮನೆ ಆಕ್ಟಾವ್ ಅಂತ ಒಬ್ಬ ಇದ್ದ. ಅವನು ಎಂಥ ಆಕಳಿಕೆ ಆಕಳಿಸಿದ ಅಂದ್ರೆ ಗೋಡೆ ಮೇಲಿನ ಕ್ಯಾಲೆಂಡರು ಎರಡು ತಿಂಗಳು ಮುಂದಕ್ಕೆ ಹೋಯ್ತು. ಅದನ್ನ ನಂಬಿ ನಮ್ಮೂರಲ್ಲಿ ಒಂದು ಮದುವೆ ಬೇಗ ಆಗೋಯ್ತು.

"ಹುಡುಗ್ರು ಏನಾದ್ರೂ ಕೇಳಿದ್ರಾ?" ಅಂದೆ.

"ಒಂದು ಪ್ರಶ್ನೆ ಕೇಳಿದ್ರು. ಎಷ್ಟೊತ್ತಿಗೆ ಬಿಡ್ತೀರ ಅಂತ."

ಎರಡನೇ ಬುಧವಾರವೂ ಹಂಗೇ ಹೋಗ್ತಿತ್ತು. ಬಿಡೋ ಹೊತ್ತಿಗೆ ಆಕ್ಟಾವ್ ಬಾಗಿಲಲ್ಲಿ ನಿಂತು ಕೇಳಿದ, "ಎಲ್ಮೀರಜ್ಜಿ, ನೀರುಕೋಳೀನ ತಪಸ್ಸುಕಾಲದ ಶುಕ್ರವಾರ ತಿನ್ಬೋದಾ? ಅದು ನೀರಲ್ಲೇ ಇರುತ್ತೆ, ಮೀನಿನ ಲೆಕ್ಕ ಅಂತಾನೆ ನಮ್ಮಜ್ಜ. ಮಾಂಸ ಮಾಂಸವೇ, ಶುಕ್ರವಾರ ಮುಟ್ಟಂಗಿಲ್ಲ ಅಂತಾಳೆ ನಮ್ಮಮ್ಮ. ಮನೇಲಿ ಎರಡು ಒಲೆ ಆಗೈತೆ."

ನಾಕಾನ್ ಮನೆ ಜೆನೊಬಿ ತಿರುಗಿ ನಿಂತ್ಳು. ಬಾಯಿ ಅಂದ್ರೆ ಬಾಯಿ ಆ ಹುಡುಗೀದು. "ಪುಕ್ಕ ಐತೆ, ರೆಕ್ಕೆ ಐತೆ, ಅದು ಹಕ್ಕಿ ಕಣೋ ದಡ್ಡ."

"ಮೊಸಳೆ ತಿಂತೀಯಲ್ಲ ಶುಕ್ರವಾರ? ಅದಕ್ಕೆ ನಾಲ್ಕು ಕಾಲೈತೆ. ಕಾಲಿರೋ ಮೀನು ನಿಮ್ಮಪ್ಪ ಸಾಕವ್ನಾ?"

"ಮೊಸಳೆ ಮೀನಿನ ಲೆಕ್ಕ ಅಂತ ದೊಡ್ಡೋರೇ ಹೇಳವ್ರೆ."

"ನೀರುಕೋಳಿಗೆ ಹೇಳೋ ದೊಡ್ಡೋರು ಸಿಗ್ಲಿಲ್ಲ, ಪಾಪ."

ಅವತ್ತು ಕ್ಲಾಸು ಬಿಡ್ಲೇ ಇಲ್ಲ. ಮಕ್ಕಳನ್ನ ಕರ್ಕೊಂಡು ಹೋಗೋಕೆ ಬಂದ ಅಪ್ಪಂದಿರೂ ಕುರ್ಚಿ ಎಳ್ಕೊಂಡು ಕೂತು ಜಗಳ ಆಡಿದ್ರು. ಕೊನೆಗೆ ಎಲ್ಲಾರೂ ಅಕ್ಕನ ಕಡೆ ತಿರುಗಿದ್ರು.

"ನನಗೆ ಗೊತ್ತಿಲ್ಲ. ಮುಂದಿನ ಬುಧವಾರ ಒಂದು ಹೊಡ್ಕೊಂಡು ಬಾ, ನೋಡೋಣ" ಅಂದ್ಳು.

ಇದನ್ನ ಎಲ್ಲಾದ್ರೂ ಗಂಟು ಹಾಕಿ ಇಟ್ಕೊಳ್ಳಿ ಅಳಿಯಂದ್ರೇ. ಆ ವಯಸ್ಸಿನ ಹುಡುಗ್ರಿಗೆ ಉತ್ತರ ಕೊಟ್ರೆ ಎದ್ದು ಹೋಗ್ತಾರೆ. ಕೊಡ್ಲಿಲ್ಲ ಅಂದ್ರೆ ಹತ್ರ ಬರ್ತಾರೆ. ಇನ್ನೊಂದು ಬಟ್ಲು ಹಾಕ್ಲಾ? ನಾಚ್ಕೋಬೇಡಿ, ವೆರೆ ಮನೇಲಿ ಹೆಂಗೆ ಅಡುಗೆ ಮಾಡ್ತಾರೆ ಅಂತ ಊರಿಗೇ ಗೊತ್ತು.

ಹಂಗೆ ಶುರುವಾಯ್ತು. ಒಂದು ವಾರ ನೀರುಕೋಳಿ, ಒಂದು ವಾರ ಕಪ್ಪೆ, ಒಂದು ವಾರ ಆಮೆ. ಆಮೆ ಎಷ್ಟು ದೊಡ್ಡದು ಅಂದ್ರೆ ಹುಡುಗ್ರು ಅದನ್ನ ಹೊತ್ಕೊಂಡು ಬರ್ಲಿಲ್ಲ, ಅದೇ ಹುಡುಗ್ರನ್ನ ಹೊತ್ಕೊಂಡು ಬಂತು. ಅಕ್ಕ ದೊಡ್ಡ ಪಾತ್ರೆ ಇಟ್ಟು, ಹಿಟ್ಟು ಕೆಂಪಗೆ ಹುರಿದು, ಬೇಯಿಸಿ, ಮುಚ್ಚಳ ಮುಚ್ಚಿ ಅದರ ಮೇಲೆ ಕೈ ಇಟ್ಕೊಂಡು ಕೂರ್ತಿದ್ಳು. ಇದನ್ನ ಶುಕ್ರವಾರ ತಿಂದ್ರೆ ಪಾಪವಾ, ಯಾಕೆ, ಅಂತ ಪುಸ್ತಕ ಹುಡುಕಿ ಹೇಳೋವರೆಗೆ ಮುಚ್ಚಳ ತೆಗೀತಿರ್ಲಿಲ್ಲ. ಹಸಿದ ಹುಡುಗ್ರು ಪುಸ್ತಕ ಓದೋದು ನೀವು ನೋಡಿಲ್ಲ. ಹಾಳೆ ತಿರುವಿದ ಗಾಳಿಗೆ ಮೇಣದ ಬತ್ತಿ ಆರೋಗ್ತಿತ್ತು.

ಅದರಲ್ಲಿ ಅವರಿಗೆ ಒಂದು ಮಾತು ಸಿಕ್ತು. ದೊಡ್ಡ ಪಾಪ ಆಗ್ಬೇಕಾದ್ರೆ ಮೂರು ಸೇರ್ಬೇಕಂತೆ. ವಿಷಯ ದೊಡ್ಡದಿರ್ಬೇಕು, ತಪ್ಪು ಅಂತ ಗೊತ್ತಿರ್ಬೇಕು, ಗೊತ್ತಿದ್ದೂ ಮನಸ್ಸಾರೆ ಮಾಡಿರ್ಬೇಕು. ಆಕ್ಟಾವ್ ಇದನ್ನ ಅವರಪ್ಪನ ದೋಣಿ ಮೋಟರು ಮುಳುಗಿಸಿದ ದಿನ ಅವರಮ್ಮನ ಮುಂದೆ ಇಟ್ಟ. ಅವರಮ್ಮಂಗೆ ಪುಸ್ತಕ ಗೊತ್ತಿರ್ಲಿಲ್ಲ, ಪೊರಕೆ ಗೊತ್ತಿತ್ತು.

ಆಮೇಲೆ ಮೊಸಳೆ ಬಂತು. ಅದನ್ನ ಮೀನು ಅಂತ ತೀರ್ಮಾನ ಮಾಡೋ ಹೊತ್ತಿಗೆ ಎಲ್ಲಾರಿಗೂ ಅದರ ಮೇಲೆ ಪ್ರೀತಿ ಹುಟ್ಟಿ, ಕುಯ್ಯೋಕೆ ಯಾರಿಗೂ ಮನಸ್ಸು ಬರ್ಲಿಲ್ಲ. ಕಂಬದ ಮೇಲೆ ನಿಂತಿರೋ ಆ ಕೋಣೆ ಕೆಳಗೇ ಉಳ್ಕೊಂತು. ಬುಧವಾರ ಹಿಟ್ಟು ಹುರಿದ ವಾಸನೆ ಬಂದ್ರೆ ಮೆಟ್ಲು ಹತ್ತಿ ಬಂದು ಕೊನೇ ಸಾಲಲ್ಲಿ ಕೂರ್ತಿತ್ತು. ಬಾಯಿ ತೆರ್ಕೊಂಡು ಪಾಠ ಕೇಳ್ತಿತ್ತು. ಆಚೆ ದಡದ ಬ್ಯಾಪ್ಟಿಸ್ಟ್ ಪಂಗಡದ ಹುಡುಗ್ರು ಈಜ್ಕೊಂಡು ಬರೋಕೆ ಶುರು ಮಾಡಿದ್ರು. ಅವರಿಗೆ ಶುಕ್ರವಾರದ ಕಟ್ಟಳೆ ಇಲ್ಲ, ಹೊಟ್ಟೆ ಇತ್ತು.

ಫಾದರ್ ಗೆರಿನ್ ಒಂದಿನ ಕಿಟಕಿ ಹತ್ರ ನಿಂತು ಕೇಳಿ, ಒಳಗೆ ಬಂದು ಕೂತ್ರು. "ಎಲ್ಮೀರಮ್ಮ, ಬಿಷಪ್ಪರು ಕೇಳೋದು ಪುಸ್ತಕದ ಪ್ರಶ್ನೆ. ಪವಿತ್ರಾತ್ಮನ ಏಳು ವರ ಯಾವುವು ಅಂತಾರೆ. ನೀರುಕೋಳಿ ಸಮಾಚಾರ ಕೇಳಲ್ಲ."

"ಊಟಕ್ಕೆ ಎಷ್ಟೊತ್ತಿಗೆ ಬರ್ತಾರೆ?"

"ಊಟ ಅಲ್ಲಮ್ಮ, ಪರೀಕ್ಷೆ."

"ಊಟಕ್ಕೆ ಎಷ್ಟೊತ್ತಿಗೆ ಬರ್ತಾರೆ ಅಂದೆ ಫಾದರ್."

ಬಂದ್ರು. ಪಾತ್ರೆ ಹೊತ್ಕೊಂಡು ಹೋಗಿದ್ದು ನಾನೇ, ಅದಕ್ಕೇ ಕಣ್ಣಾರೆ ನೋಡಿದ್ದು ಹೇಳ್ತಿದ್ದೀನಿ. ಬಿಷಪ್ಪರು ಉದ್ದಕ್ಕೆ, ತೆಳ್ಳಗೆ, ಉತ್ತರದ ಕಡೆಯೋರು. ಉಪ್ಪು ಹಾಕಿದ್ರೆ ಖಾರ ಅನ್ನೋ ಜನ ಆ ಕಡೆ. ಕೂತ್ಕೊಂಡೋರೇ ಕೇಳಿದ್ರು, "ಪವಿತ್ರಾತ್ಮನ ವರಗಳು ಎಷ್ಟು?"

"ಏಳು" ಅಂದ ಆಕ್ಟಾವ್.

"ಯಾವುವು?"

ಆಕ್ಟಾವ್ ಚಾವಣಿ ನೋಡಿದ. "ಏಳೂ ಒಳ್ಳೇವೇ ಸ್ವಾಮಿಗಳೇ."

ಜೆನೊಬಿ ನಾಲ್ಕು ಹೇಳಿದ್ಳು. ಐದನೇದು ಅವಳಿಗೂ ಬರ್ಲಿಲ್ಲ. ಫಾದರ್ ಜಪಮಾಲೆ ಹಿಡ್ಕೊಂಡು ಮೂಲೆ ಸೇರಿದ್ರು. ಬಿಷಪ್ಪರು ಬೈಲಿಲ್ಲ, ಮೆತ್ತಗೆ ತಲೆ ಆಡಿಸಿದ್ರು. ಆ ತಲೆ ಆಡಿಸೋದು ನಮಗೆ ಗೊತ್ತು. ದೋಣಿ ಸುತ್ತ ತಿರುಗಿ ನೋಡಿ, ಚೆನ್ನಾಗೈತೆ ಅಂತ ಹೇಳಿ, ಕೊಳ್ದೆ ಹೋಗೋರು ಹಂಗೇ ಆಡಿಸ್ತಾರೆ.

"ಮಕ್ಕಳೇ, ಪಟ್ಟಣದ ಚರ್ಚಲ್ಲಿ ಒಳ್ಳೆ ಮೇಷ್ಟ್ರು ಅವ್ರೆ" ಅಂತ ಶುರು ಮಾಡಿದ್ರು.

"ಸ್ವಾಮಿ, ಆರೋಗುತ್ತೆ" ಅಂತ ಅಕ್ಕ ಮುಂದೆ ಬಟ್ಲು ಇಟ್ಳು.

ದೊಡ್ಡೋರು, ಬೇಡ ಅನ್ನೋಕಾಗ್ಲಿಲ್ಲ. ಒಂದು ಚಮಚ ತಿಂದ್ರು. ಹಣೆ ಬೆವರ್ತು. ಇನ್ನೊಂದು ತಿಂದ್ರು. ಪಟ್ಟಣದ ಮಾತು ನಿಂತ್ಹೋಯ್ತು. ಅರ್ಧ ಬಟ್ಲು ಖಾಲಿ ಆದ ಮೇಲೆ ಚಮಚ ಮತ್ತೆ ಎತ್ತಿದ್ರು ನೋಡಿ, ಅದರಲ್ಲಿದ್ದ ತುಂಡು ಕಂಡು ಜೆನೊಬಿ ಎದ್ದು ನಿಂತ್ಳು.

"ಸ್ವಾಮಿಗಳೇ, ಆ ತುತ್ತು ನಿಲ್ಸಿ. ಅದರಲ್ಲಿರೋದು ಹಂದಿ ಸಾಸೇಜು."

ಅಕ್ಕ ಪಾತ್ರೆಗೆ ಬಗ್ಗಿ ನೋಡಿದ್ಳು. "ಅಯ್ಯೋ, ಹೌದಲ್ಲ. ದಿನಾ ಹಾಕೋ ಕೈ, ಹಾಕ್ಬಿಟ್ಟೈತೆ."

ತಪಸ್ಸುಕಾಲ, ಶುಕ್ರವಾರ, ಬಿಷಪ್ಪರ ಹೊಟ್ಟೇಲಿ ಹಂದಿ. ಫಾದರ್ ಮೂಲೇಲಿ ಇನ್ನೂ ಮೂಲೆ ಹುಡುಕ್ತಿದ್ರು. ಬಿಷಪ್ಪರ ಮುಖ ಐಸಿನ ಬಣ್ಣಕ್ಕೆ ತಿರುಗ್ತು.

"ಗಾಬರಿ ಬೇಡಿ" ಅಂದ್ಳು ಜೆನೊಬಿ. "ತಿಂದಿದ್ದು ಪಾಪ ಅಲ್ಲ. ನಿಮಗೆ ಗೊತ್ತಿರ್ಲಿಲ್ಲ. ಗೊತ್ತಿಲ್ದೆ ಇದ್ಮೇಲೆ ಮನಸ್ಸು ಸೇರಿರಲ್ಲ. ಆದ್ರೆ ಈಗ ಗೊತ್ತಾಯ್ತಲ್ಲ. ಇನ್ನು ಮುಂದಿನ ತುತ್ತಿನ ವಿಷಯ."

ಎಲ್ಲಾರೂ ಚಮಚ ನೋಡಿದ್ವಿ. ಚಮಚ ಬಟ್ಲಿಗೂ ಬಾಯಿಗೂ ಮಧ್ಯ ನಿಂತಿತ್ತು.

"ಬೇಯಿಸಿದೋರಿಗೆ ಪಾಪವಾ?" ಅಂದ್ರು ಬಿಷಪ್ಪರು, ನಿಧಾನಕ್ಕೆ.

"ಮರೆತು ಹಾಕಿದ್ರೆ ಇಲ್ಲ."

"ಬೇಕಂತ ಹಾಕಿದ್ರೆ?"

ಜೆನೊಬಿ ಅಕ್ಕನ ಕಡೆ ನೋಡಿದ್ಳು. ಅಕ್ಕ ಒಲೆ ಒರೆಸ್ತಿದ್ಳು, ಒಲೆ ಆಗ್ಲೇ ಚೊಕ್ಕಟ ಇತ್ತು. "ಅದು ಅಜ್ಜಿಗೂ ದೇವರಿಗೂ ಬಿಟ್ಟಿದ್ದು ಸ್ವಾಮಿಗಳೇ. ಇನ್ನೊಬ್ರ ಮನಸ್ಸೊಳಗೆ ನಾವು ಇಣುಕಂಗಿಲ್ಲ."

"ಇದನ್ನ ಎಲ್ಲಿ ಕಲಿತೆ?"

"ಪುಸ್ತಕದಲ್ಲೇ ಐತೆ. ಆಮೆ ವಾರ ಓದಿದ್ವಿ."

"ಆಮೆ ವಾರ" ಅಂದ್ರು ಬಿಷಪ್ಪರು.

ಆಗ ಆಕ್ಟಾವ್ ಕೈ ಎತ್ತಿದ. "ಇನ್ನೊಂದು ದಾರಿ ಐತೆ. ಈ ಸೀಮೆಗೆ ನೀವೇ ಬಿಷಪ್ಪು. ಶುಕ್ರವಾರದ ಕಟ್ಟಳೆ ಸಡಿಲ ಮಾಡೋ ಅಧಿಕಾರ ನಿಮ್ಮ ಕೈಲೈತೆ. ತಕ್ಕ ಕಾರಣ ಇರ್ಬೇಕು, ಅಷ್ಟೇ."

"ಏನು ಕಾರಣ ಕೊಡ್ತೀಯ?"

"ಬಡಿಸಿದ್ದನ್ನ ಬಿಟ್ಟು ಎದ್ರೆ ಅಜ್ಜಿ ಮನಸ್ಸು ನೋಯುತ್ತೆ. ಆಮೇಲೆ ನಮಗೂ ಹಸಿವಾಗೈತೆ."

"ಎರಡರಲ್ಲಿ ಯಾವುದು ದೊಡ್ಡದು?"

ಆಕ್ಟಾವ್ ಯೋಚ್ನೆ ಮಾಡಿದ. "ಎರಡನೇದು" ಅಂದ.

ಬಿಷಪ್ಪರು ಚಮಚ ಬಟ್ಲಲ್ಲಿಟ್ಟು ಎದ್ದು ನಿಂತ್ರು. ಕೈ ಎತ್ತಿ, ಆ ಪಾತ್ರೆ ಖಾಲಿ ಆಗೋವರೆಗೆ, ಆ ಕೋಣೆ ಒಳಗಿರೋರಿಗೆ ಮಾತ್ರ, ಕಟ್ಟಳೆ ಸಡಿಲ ಅಂದ್ರು. ಕಿಟಕೀಲಿದ್ದ ಬ್ಯಾಪ್ಟಿಸ್ಟ್ ಹುಡುಗ್ರು, ಅವರಿಗೆ ಬೇಕಿರ್ಲಿಲ್ಲ, ಆದ್ರೂ ಇರ್ಲಿ ಅಂತ ಒಳಗೆ ಹಾರಿದ್ರು. ಮೊಸಳೆ ಹೊಸ್ತಿಲ ಈಚೆಗೆ ಮೂತಿ ಇಟ್ಕೊಂತು.

"ಅದು ಯಾರು?" ಅಂದ್ರು ಬಿಷಪ್ಪರು.

"ಮೀನು" ಅಂದ್ಳು ಜೆನೊಬಿ.

ಅವರು ಕೂತ್ಕೊಂಡು ಬಿಟ್ಟ ತುತ್ತು ತಿಂದ್ರು. ಹೊರಡೋವಾಗ ಫಾದರ್ ಗೆರಿನ್ ಕಿವೀಲಿ, ಕ್ಲಾಸು ಇಲ್ಲೇ ಇರ್ಲಿ, ಉಳಿದ ಮೂರು ವರ ಮಾತ್ರ ಈಸ್ಟರ್ ಒಳಗೆ ಕಲಿಸಿ, ಅಂದ್ರು.

ಅವತ್ತು ಪಾತ್ರೆ ತೊಳೀತಾ ನಾನು ಕೇಳಿದೆ. "ಅಕ್ಕಾ, ನೀನು ಲಂಗ ಹಾಕ್ತಿದ್ದ ಕಾಲದಿಂದ ಗಂಬೊ ಮಾಡ್ತಿದ್ದೀಯ. ತಪಸ್ಸುಕಾಲದ ಶುಕ್ರವಾರ ನಿನ್ನ ಪಾತ್ರೆ ಮೇಲೆ ಹಂದಿ ಬಾಲದ ನೆರಳೂ ಬಿದ್ದಿದ್ದು ನಾನು ನೋಡಿಲ್ಲ."

"ಇನ್ನೊಬ್ರ ಮನಸ್ಸೊಳಗೆ ಇಣುಕಬಾರ್ದು ಅಂತ ಮಕ್ಕಳು ಹೇಳಿದ್ದು ಕೇಳಿಸ್ಲಿಲ್ವಾ? ಪಾತ್ರೆ ಆ ಕಡೆ ಹಿಡಿ" ಅಂದ್ಳು.

ಮಾರನೇ ದಿನ ಪಾಪನಿವೇದನೆಗೆ ಹೋದ್ಳು. ಎಷ್ಟು ಹೊತ್ತು ಒಳಗಿದ್ಳು ಅಂದ್ರೆ, ಅವಳ ಹಿಂದೆ ನಿಂತಿದ್ದ ನಾನು ನನ್ನ ಪಾಪ ಯಾವುದು ಅಂತಲೇ ಮರೆತು ಮನೆಗೆ ಬಂದೆ.

ಈಗ ಅವಳ ಮೊಣಕಾಲು ಪೂರ್ತಿ ಹೋಯ್ತು. ಮೊನ್ನೆ ಇಲ್ಲಿಗೆ ಬಂದ್ಳು, "ನೊರ್ಬೇ, ಒಂದ್ನಿಮಿಷ ಇದನ್ನ ಹಿಡ್ಕೋ, ಶಾಲು ಸರಿ ಮಾಡ್ಕೊಳ್ತೀನಿ" ಅಂದ್ಳು. ತಮ್ಮ ಅಲ್ವಾ, ಹಿಡ್ಕೊಂಡೆ. ನಾನು ಓದೋದು ಮೋಡ ಒಂದೇ ಅಳಿಯಂದ್ರೇ, ಪುಸ್ತಕ ಕೊಟ್ರೆ ತಲೆಕೆಳಗೆ ಹಿಡೀತೀನಿ. ನೀವು ಕಾಲೇಜು ಕಂಡೋರು. ಈಗ ಹುಡುಗ್ರ ಹತ್ರ ಹೆಂಗಿರ್ಬೇಕು ಅಂತಲೂ ನಿಮಗೆ ಗೊತ್ತಾಯ್ತು.

ಬಟ್ಲು ತಳ ಕೆದಕಬೇಡಿ. ಎರಡು ಬಟ್ಲು ತಿಂದ್ರಿ, ಇವತ್ತು ಶುಕ್ರವಾರ ಅಂತ ಮೊದ್ಲೇ ಹೇಳಿದ್ದೆ, ಈಸ್ಟರ್ ಇನ್ನೂ ಬಂದಿಲ್ಲ. ಅದರಲ್ಲಿ ಏನಿತ್ತು ಅಂತ ನಿಮಗೆ ಗೊತ್ತಿಲ್ಲ, ಹಂಗಾಗಿ ಇಲ್ಲಿವರೆಗೆ ಏನೂ ತಪ್ಪಿಲ್ಲ. ತಿಳ್ಕೊಳ್ಳೇಬೇಕಾ? ಹೇಳೋಣ, ಅದಕ್ಕೇನು. ಒಂದ್ನಿಮಿಷ ಈ ಬೀಗದ ಕೈ ಹಿಡ್ಕೊಳ್ಳಿ, ನಾನು ಮುಚ್ಚಳ ತೆಗೀತೀನಿ.