ಕೈ ಎತ್ತುವ ಚುನಾವಣೆ

ಬಟ್ಟೆ ಗಿರಣಿಯ ಕ್ಯಾಂಟೀನಿನಲ್ಲಿ ಅವತ್ತು ಕಾರ್ಮಿಕ ಸಂಘದ ಚುನಾವಣೆ. ಚುನಾವಣೆಯಂತೆ, ಚುನಾವಣೆ! ಇಪ್ಪತ್ತೆರಡು ವರ್ಷ ಮತಪೆಟ್ಟಿಗೆ ಕಾದು ಕಾದು ‘ಪೆಟ್ಟಿಗೆಯಕ್ಕ’ ಎಂದೇ ಹೆಸರಾದವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಮೇಜಿನ ಮೇಲೆ ಪೆಟ್ಟಿಗೆಯೇ ಇರಲಿಲ್ಲ. ಇದ್ದದ್ದು ಅಧ್ಯಕ್ಷ ಸ್ಥಾನಕ್ಕೆ ಪಕ್ಷ ಕಳಿಸಿದ ಒಂದೇ ಒಂದು ಹೆಸರಿನ ಚೀಟಿ, ಹಿಂದೆ ಕೆಂಬಾವುಟ, ಅದರ ಪಕ್ಕ ಅವಳ ಒಡಹುಟ್ಟಿದ ತಮ್ಮ. ಎರಡು ವರ್ಷದ ಹಿಂದಿನವರೆಗೂ ಅವಳ ಪಕ್ಕದ ಮಗ್ಗದಲ್ಲಿ ನಿಂತು ದುಡಿದವನು ಈಗ ಕಾರ್ಮಿಕರ ಸರ್ಕಾರದ ಮಂತ್ರಿ.

“ನಮ್ಮದೇ ಸರ್ಕಾರ ಬಂದಿದೆ. ನಮ್ಮನಮ್ಮಲ್ಲೇ ಗುಟ್ಟಿನ ಮತ ಯಾಕೆ? ಒಪ್ಪಿದವರು ಕೈ ಎತ್ತಿ” ಎಂದ ತಮ್ಮ.

ಗೋಡೆಗುಂಟ ನಿಂತ ಪಕ್ಷದವರು ಒಬ್ಬೊಬ್ಬರ ಮುಖವನ್ನೂ ನೋಡಿ ಬರೆದುಕೊಳ್ಳುತ್ತಿದ್ದರು. ಮುನ್ನೂರು ಕೈ ಮೇಲೆದ್ದವು.

“ವಿರೋಧ ಇರೋರು?” ಎಂದು ಬಾಯಿಮಾತಿಗೆ ಕೇಳಿದವನು, ಉತ್ತರಕ್ಕೂ ಕಾಯದೆ ಗುಮಾಸ್ತನಿಗೆ “ಸರ್ವಾನುಮತ ಅಂತ ಬರ್ಕೊಳ್ಳಿ” ಎಂದುಬಿಟ್ಟ.

“ಏಯ್, ತಡಿಯೋ!” ಅಕ್ಕ ಎದ್ದು ನಿಂತು ಕೈ ಎತ್ತಿದಳು. “ನಂದೊಂದು ಲೆಕ್ಕಕ್ಕೆ ತಗೋ.”

“ಅಕ್ಕಾ, ನನ್ನ ಮರ್ಯಾದೆ ಕಳೀಬೇಡ. ಕೂಲಿ ಹೆಚ್ಚಿಸಿದ್ದು ಯಾರು? ಆಸ್ಪತ್ರೆ ಕಟ್ಟಿಸಿದ್ದು ಯಾರು?”

“ನೀವೇ ಕಣೋ. ಇಲ್ಲ ಅಂದ್ನಾ? ಅದಕ್ಕೇ ತಾನೇ ಲಾಠಿ ಏಟು ತಿಂದು ನಿಮ್ಮನ್ನ ಗೆಲ್ಸಿದ್ದು? ಆಸ್ಪತ್ರೆ ಕೊಟ್ಟೆ ಅಂತ ನನ್ನ ಬಾಯಿಗೆ ಬೀಗ ಹಾಕ್ತೀಯಾ? ಹಳೇ ಮಾಲೀಕ ಕೂಡ ಆ ಪೆಟ್ಟಿಗೆ ಮುಟ್ಟೋಕೆ ಹೆದರ್ತಿದ್ದ. ನಿಂಗೆ ಅಷ್ಟೂ ಇಲ್ವಲ್ಲೋ!”

“ಎಲ್ರೂ ಒಪ್ಪಿದಾರೆ, ನೋಡು. ನೀನೊಬ್ಬಳೇ.”

ಅಕ್ಕ ಮೇಜಿನ ಮುಂದಕ್ಕೇ ನಡೆದು ಬಂದಳು. “ಮುಷ್ಕರ ನಡೆದಾಗ ಪೊಲೀಸ್ರು ನಿನ್ನ ಹುಡುಕ್ಕೊಂಡು ಇಲ್ಲಿಗೇ ಬಂದಿದ್ರು, ಗೊತ್ತಾ? ‘ಅವನು ಎಲ್ಲಿದಾನೆ ಗೊತ್ತಿರೋರು ಕೈ ಎತ್ತಿ’ ಅಂದ್ರು. ನಮ್ಮನೆ ಅಟ್ಟದ ಮೇಲಿದ್ದೆ ನೀನು, ಎಲ್ರಿಗೂ ಗೊತ್ತಿತ್ತು. ಒಬ್ರೂ ಎತ್ತಲಿಲ್ಲ. ಅವತ್ತು ಎತ್ತದೆ ಇದ್ದಿದ್ದು ನಿನ್ನ ಮೇಲಿನ ಪ್ರೀತಿಗೆ. ಇವತ್ತು ಎತ್ತಿರೋದು ನಿನ್ನ ಭಯಕ್ಕೆ. ಕಣ್ಣು ಬಿಟ್ಟು ಅವರ ಮುಖ ನೋಡೋ!”

ತಮ್ಮ ನೋಡಿದ. ಮುನ್ನೂರು ಮಂದಿಯೂ ತಲೆ ತಗ್ಗಿಸಿ ಕೂತಿದ್ದರು. ಒಬ್ಬರೂ ಅವನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಗುಮಾಸ್ತ ಇನ್ನೂ ಬರೆಯದೆ ಪೆನ್ನು ಹಿಡಿದುಕೊಂಡೇ ಇದ್ದ.

“ವಿರೋಧ ಒಂದು ಅಂತ ಬರಿ. ಅಷ್ಟೇ ಕೇಳ್ತಿರೋದು ನಾನು” ಎಂದಳು ಅಕ್ಕ.

ತಮ್ಮ ಗುಮಾಸ್ತನ ಕೈಯಿಂದ ಪೆನ್ನು ಕಿತ್ತುಕೊಂಡು ‘ಸರ್ವಾನುಮತ’ ಎಂದು ತಾನೇ ಬರೆದ. ಬರೆದು ಮುಗಿಸಿದ ಮೇಲೆ ಅವನಿಗೂ ತಲೆ ಎತ್ತಲಾಗಲಿಲ್ಲ.